ದೂಧಗಂಗೆಗೆ ಒಂದು ಹಳೆಯ ಅಲ್ಯೂಮಿನಿಯಂ ದೋಣಿ

ಮಳೆಗಾಲ ಜೋರಾದರೆ ಬೆಳಗಾವಿ ಜಿಲ್ಲೆಯ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ. ಮುಳುಗಿದ ಸೇತುವೆಗಳ ಪಟ್ಟಿ ಅದು. ಮಲಿಕವಾಡ ಕರ್ನಾಟಕದ ಚಿಕ್ಕೋಡಿ ಭಾಗದ ಊರು, ದತ್ತವಾಡ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನದು, ನಡುವೆ ದೂಧಗಂಗಾ ನದಿ. ಎರಡೂ ದಡದಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಎರಡೂ ದಡದಲ್ಲಿ ಕಬ್ಬು ಕಣ್ಣು ಹಾಯುವಷ್ಟು ದೂರ ಇದೆ. ಜುಲೈ–ಆಗಸ್ಟ್‌ನಲ್ಲಿ ಸೇತುವೆಯನ್ನೇ ನುಂಗುವ ಈ ಹೊಳೆ ಮಾರ್ಚ್ ಹೊತ್ತಿಗೆ ಬಾಂದಾರ ಎನ್ನುವ ಅಡ್ಡಗಟ್ಟೆಗಳ ಹಿಂದೆ ಕೊಳದಂತೆ ನಿಂತಿರುತ್ತದೆ. ಕಟ್ಲಾ, ರೋಹು, ತಿಲಾಪಿಯಾ ಹಿಡಿಯುವವರಿಗೆ ಆಗ ಹಂಗಾಮು.

ಇಂಥ ಹೊಳೆಗೆ ದೋಣಿ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಮರದ ನಾವೆ, ಕಬ್ಬಿಣದ ತಗಡಿನ ದೋಣಿ, ಇಲ್ಲವೇ ಫೈಬರ್ ಬೋಟ್. ಅಪರೂಪಕ್ಕೆ ಒಂದು ಅಲ್ಯೂಮಿನಿಯಂ ದೋಣಿಯೂ ಮಾರಾಟಕ್ಕೆ ಬರುತ್ತದೆ. ಯಾವುದೋ ಜಲಾಶಯದ ಪ್ರವಾಸಿ ಬೋಟ್ ಆಗಿದ್ದದ್ದು, ಯಾವುದೋ ಕಾಮಗಾರಿಗೆ ಬಳಸಿ ಬಿಟ್ಟದ್ದು. ಮೇಲೆ ಉಜ್ಜಿದರೆ ಬೆಳ್ಳಗೆ ಹೊಳೆಯುತ್ತದೆ, ಎಲ್ಲಿಯೂ ತುಕ್ಕಿನ ಕೆಂಪಿಲ್ಲ. ಮಾರುವವರು ‘ಇದಕ್ಕೆ ತುಕ್ಕೇ ಹಿಡಿಯಂಗಿಲ್ಲ’ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯ ಎಷ್ಟಿದೆ, ಅದರ ಗಡಿ ಎಲ್ಲಿದೆ ಎಂದು ತಿಳಿಯಲು ಒಂದಿಷ್ಟು ಭೌತಶಾಸ್ತ್ರ, ಅದಕ್ಕಿಂತ ಹೆಚ್ಚು ರಸಾಯನಶಾಸ್ತ್ರ ಬೇಕು. ಎರಡೂ ಈ ಹೊಳೆಯ ಆಸುಪಾಸಿನಲ್ಲೇ ಸಿಗುತ್ತವೆ.

ಮೊದಲು ತೇಲುವ ಮಾತು. ಮಹಾಪೂರ ಬಂದಾಗ ಕೊಲ್ಹಾಪುರ ಸೀಮೆಯ ಹಳ್ಳಿಗಳಲ್ಲಿ ದೋಣಿ ಇಲ್ಲದವರು ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗೆ ಇಳಿಸುತ್ತಾರೆ. ಮರಾಠಿಯವರು ಅದನ್ನು ಕಾಹೀಲ ಎನ್ನುತ್ತಾರೆ. ನಾಲ್ಕು ಜನ ಹೊತ್ತರೂ ಬಗ್ಗಿಸುವ ಕಬ್ಬಿಣದ ಪಾತ್ರೆ, ನೀರಿನ ಮೇಲೆ ಹಗುರಾಗಿ ತೇಲುತ್ತದೆ. ಅದರ ಅಗಲ ಎಂಟು ಅಡಿ ಎಂದಿಟ್ಟುಕೊಳ್ಳಿ. ಬಾಯಿಯ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಬುಡ ಬಾಯಿಯಷ್ಟೇ ಅಗಲವಿದ್ದರೆ ಅದು ಒಂದು ಸೆಂಟಿಮೀಟರ್ ಕೆಳಗಿಳಿದಾಗ 45 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 45 ಲೀಟರ್ ನೀರಿನ ತೂಕ 45 ಕೆ.ಜಿ. ಅಂದರೆ ಪ್ರತಿ ಸೆಂಟಿಮೀಟರ್ ಇಳಿತಕ್ಕೆ ಅದು 45 ಕೆ.ಜಿ. ಭಾರ ಹೊರುತ್ತದೆ. ಒಂದು ಆಳು ಹತ್ತಿದರೆ ಒಂದೂವರೆ ಸೆಂಟಿಮೀಟರ್ ಇಳಿದೀತು, ಅಷ್ಟೆ. ನಿಜವಾದ ಕೊಪ್ಪರಿಗೆ ಬುಡದಲ್ಲಿ ಕಿರಿದಾಗಿರುವುದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಸೂತ್ರ ಬದಲಾಗುವುದಿಲ್ಲ. ಆರ್ಕಿಮಿಡೀಸನ ಸೂತ್ರ ಲೋಹ ಯಾವುದು ಎಂದು ಕೇಳುವುದೇ ಇಲ್ಲ. ಕೇಳುವುದು ಎರಡೇ: ಒಟ್ಟು ಭಾರ ಎಷ್ಟು, ಸರಿಸಿದ ನೀರು ಎಷ್ಟು.

ಹಾಗಾದರೆ ಅಲ್ಯೂಮಿನಿಯಂ ಏಕೆ? ಹೊರುವ ಶಕ್ತಿಗಾಗಿ ಅಲ್ಲ, ಎತ್ತುವ ಅನುಕೂಲಕ್ಕಾಗಿ. ಹದಿನಾಲ್ಕು ಅಡಿ ಉದ್ದದ ಸಪಾಟು ತಳದ ದೋಣಿಗೆ ತಳ, ಪಕ್ಕ ಎಲ್ಲ ಸೇರಿ ಸುಮಾರು 8 ಚದರ ಮೀಟರ್ ತಗಡು ಬೇಕು. ಮೂರು ಮಿಲಿಮೀಟರ್ ದಪ್ಪದ ಉಕ್ಕಿನಲ್ಲಿ ಮಾಡಿದರೆ ತಗಡಿನ ತೂಕವೇ 188 ಕೆ.ಜಿ. ಆಗುತ್ತದೆ. ಅದೇ ದಪ್ಪದ ಅಲ್ಯೂಮಿನಿಯಂನಲ್ಲಿ 65 ಕೆ.ಜಿ. ಉಕ್ಕಿನ ಸಾಂದ್ರತೆ 7.85, ಅಲ್ಯೂಮಿನಿಯಂನದು 2.7. ಆಸನ, ಅಂಚುಪಟ್ಟಿ, ಹುಟ್ಟುಗಳ ಕೀಲು ಎಲ್ಲ ಕೂಡಿಸಿದರೂ ಅಲ್ಯೂಮಿನಿಯಂ ದೋಣಿಯನ್ನು ಮೂರು–ನಾಲ್ಕು ಜನ ಎತ್ತಿ ಟ್ರ್ಯಾಕ್ಟರ್ ಟ್ರಾಲಿಗೆ ಹಾಕಬಹುದು. ರಾತ್ರೋರಾತ್ರಿ ನೀರು ಏರುವ ಹೊಳೆಯಲ್ಲಿ ಇದು ಸಣ್ಣ ಗುಣವಲ್ಲ. ದಡದಿಂದ ಮೇಲೆ ಎಳೆಯಲಾಗದ ದೋಣಿಯನ್ನು ಮಹಾಪೂರ ಒಯ್ಯುತ್ತದೆ.

ಅಲ್ಯೂಮಿನಿಯಂ ದೋಣಿಗಳಲ್ಲಿ ಹೆಸರು ಮಾಡಿದ್ದು ಅಮೆರಿಕದ ಒರೆಗಾನ್ ರಾಜ್ಯದ ಡ್ರಿಫ್ಟ್ ಬೋಟ್. ಅಲ್ಲಿ ಮೆಕೆಂಜಿ ಎಂಬ ನದಿ ಬಂಡೆಗಳ ನಡುವೆ ಧುಮ್ಮಿಕ್ಕುತ್ತ ಇಳಿಯುತ್ತದೆ. ಆ ನೀರಿಗೆಂದೇ ರೂಪುಗೊಂಡ ದೋಣಿಯ ತಳ ಅಡ್ಡಲಾಗಿ ಸಪಾಟು. ಆದರೆ ಉದ್ದಕ್ಕೆ ನೋಡಿದರೆ ಬಾಳೆಕಾಯಿಯಂತೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಆದ್ದರಿಂದ ನೀರಿಗೆ ತಾಗುವುದು ನಡುಭಾಗ ಮಾತ್ರ. ಹುಟ್ಟಿನ ಒಂದೇ ಎಳೆತಕ್ಕೆ ದೋಣಿ ನಿಂತಲ್ಲೇ ತಿರುಗುತ್ತದೆ. ಹುಟ್ಟು ಹಾಕುವವನು ಮುಖವನ್ನು ಪ್ರವಾಹ ಹೋಗುವ ದಿಕ್ಕಿಗೆ ಮಾಡಿ ಕೂತು, ಪ್ರವಾಹಕ್ಕೆ ಎದುರಾಗಿ ಎಳೆಯುತ್ತಾನೆ. ದೋಣಿ ನೀರಿಗಿಂತ ನಿಧಾನವಾಗಿ ಜಾರುತ್ತದೆ. ಬಂಡೆ ಎದುರಾದರೆ ನೋಡಿ ತಪ್ಪಿಸಲು ಸಮಯ ಸಿಗುತ್ತದೆ, ಗಾಳ ಬಿಟ್ಟವನಿಗೂ ಅದೇ ಸಮಯ ಸಿಗುತ್ತದೆ. ಮೊದಮೊದಲು ಮರದಲ್ಲಿ ಕಟ್ಟುತ್ತಿದ್ದ ಇವು 1970ರ ದಶಕದಿಂದ ಅಲ್ಯೂಮಿನಿಯಂಗೆ ತಿರುಗಿದವು. ಬಂಡೆಗೆ ಬಡಿದರೆ ಮರ ಸೀಳುತ್ತದೆ, ಅಲ್ಯೂಮಿನಿಯಂ ತಗ್ಗಾಗುತ್ತದೆ. ತಗ್ಗಾದ ದೋಣಿಯಲ್ಲಿ ಮನೆಗೆ ಬರಬಹುದು.

ಇದೇ ಕೆಲಸವನ್ನು ನಮ್ಮಲ್ಲಿ ಹರಿಗೋಲು ಬಹು ಹಿಂದಿನಿಂದ ಮಾಡುತ್ತಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯ ಹಾಗೆ ಹೆಣೆದು ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ ಜನ ತುಂಗಭದ್ರೆ ದಾಟುವುದನ್ನು ಬರೆದಿಟ್ಟಿದ್ದಾನೆ. ಕಾವೇರಿಯ ಭೀಮೇಶ್ವರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದ ಕಾಲದಲ್ಲಿ, ಗಾಳ ಕಚ್ಚಿ ಓಡುವ ದೊಡ್ಡ ಮೀನಿನ ಹಿಂದೆ ಹರಿಗೋಲಿನಲ್ಲೇ ಹೋಗುತ್ತಿದ್ದರು. ಅದಕ್ಕೆ ಮುಂಭಾಗ ಹಿಂಭಾಗ ಎಂಬುದಿಲ್ಲ, ಯಾವ ದಿಕ್ಕಿಗೂ ಒಂದೇ ಸಲೀಸು. ಗೇಣು ನೀರಿದ್ದರೂ ಬಂಡೆಯ ಮೇಲೆ ತೇಲಿ ಹೋಗುತ್ತದೆ. ಡ್ರಿಫ್ಟ್ ಬೋಟನ್ನು ಕಟ್ಟಿದವರೂ ಹರಿಗೋಲು ಹೆಣೆದವರೂ ಬಿಡಿಸಿದ್ದು ಒಂದೇ ಸಮಸ್ಯೆಯನ್ನು.

ದತ್ತವಾಡದ ದೂಧಗಂಗೆಯ ಸಮಸ್ಯೆ ಅದಲ್ಲ. ಇಲ್ಲಿ ಬಂಡೆಯ ಇಳಿಜಾರಿಲ್ಲ. ಕರಿಮಣ್ಣಿನ ದಡದ ನಡುವೆ ಸಾವಕಾಶ ಹರಿಯುವ ಬಯಲುಸೀಮೆಯ ನದಿ, ವರ್ಷದ ಬಹುಭಾಗ ಬಾಂದಾರದ ಹಿಂದಿನ ಹಿನ್ನೀರು. ಬಾಗಿದ ತಳದ ದೋಣಿ ಇಂಥ ನೀರಿನಲ್ಲಿ ನೆಟ್ಟಗೆ ಹೋಗುವುದಿಲ್ಲ. ಪಡುವಣ ಗಾಳಿ ಬೀಸಿದರೆ ಅದರ ಎತ್ತರದ ತುದಿಗಳು ಹಾಯಿಯಂತೆ ಗಾಳಿ ಹಿಡಿದು ಅಡ್ಡ ತಿರುಗುತ್ತವೆ, ಬಲೆ ಬಿಡುವವನ ರಟ್ಟೆಯೆಲ್ಲ ಅದನ್ನು ನೇರ ಮಾಡುವುದರಲ್ಲೇ ಸೋಲುತ್ತದೆ. ಆದ್ದರಿಂದ ಯಾರಾದರೂ ಅಪ್ಪಟ ಡ್ರಿಫ್ಟ್ ಬೋಟನ್ನೇ ತಂದು ತೋರಿಸಿದರೂ ಈ ಹೊಳೆಗೆ ಅದು ಬೇಡ ಎಂದೇ ನಾನು ಹೇಳುತ್ತೇನೆ. ತಳ ಉದ್ದಕ್ಕೂ ಅಡ್ಡಕ್ಕೂ ಸಪಾಟಾಗಿರುವ, ಮೂತಿ ಮಾತ್ರ ಸ್ವಲ್ಪ ಎತ್ತಿದ, ಪಕ್ಕಗಳು ಗಿಡ್ಡಗಿರುವ ದೋಣಿ ಸಾಕು. ಬುಡದಲ್ಲಿ ಉದ್ದಕ್ಕೆ ಎರಡು ಮೂರು ಏಣು ಇದ್ದರೆ ಇನ್ನೂ ಒಳ್ಳೆಯದು. ಅವು ದೋಣಿಯನ್ನು ನೇರ ಓಡಿಸುತ್ತವೆ, ದಡಕ್ಕೆ ಎಳೆಯುವಾಗ ತಗಡು ಸವೆಯದಂತೆ ತಾವು ಸವೆಯುತ್ತವೆ.

ಆಕಾರ ತೀರ್ಮಾನವಾಯಿತು. ಉಳಿದದ್ದು ಲೋಹದ ಪರೀಕ್ಷೆ. ಅದಕ್ಕೆ ಮೊದಲು ಹೊಳೆಯ ಹುಟ್ಟಿನ ಕಡೆ ಒಮ್ಮೆ ಹೋಗಿಬರಬೇಕು.

ದೂಧಗಂಗಾ ಹುಟ್ಟುವುದು ಕೊಲ್ಹಾಪುರ ಜಿಲ್ಲೆಯ ಪಶ್ಚಿಮದ ಘಟ್ಟದಲ್ಲಿ, ರಾಧಾನಗರಿ ತಾಲ್ಲೂಕಿನ ಕಡೆ. ಕಾಳಮ್ಮವಾಡಿ ಅಣೆಕಟ್ಟು ಅದಕ್ಕೇ ಕಟ್ಟಿದ್ದು. ಅದೇ ತಾಲ್ಲೂಕಿನ ದುರ್ಗಮಾನವಾಡಿಯ ಬೆಟ್ಟಗಳ ತಲೆಯ ಮೇಲೆ ಬಾಕ್ಸೈಟ್ ಗಣಿಗಳಿವೆ. ಅಲ್ಲಿ ಅಗೆದ ಅದಿರು ಬೆಳಗಾವಿಯ ಜನ ಇವತ್ತಿಗೂ ಇಂಡಾಲ್ ಎಂದು ಕರೆಯುವ ಹಿಂಡಾಲ್ಕೋ ಅಲ್ಯೂಮಿನಾ ಕಾರ್ಖಾನೆಗೆ ಹೋಗುತ್ತ ಬಂದಿದೆ. ಬೆಟ್ಟದ ನೆತ್ತಿಯಲ್ಲೇ ಬಾಕ್ಸೈಟ್ ಏಕೆ? ಕಾರಣ ಮಳೆ. ಕೋಟ್ಯಂತರ ವರ್ಷ ಹಿಂದೆ ಹರಿದ ಲಾವಾ ತಣ್ಣಗಾಗಿ ದಖ್ಖನಿನ ಕಪ್ಪುಕಲ್ಲು ಆಯಿತು. ಆ ಕಲ್ಲಿನ ಮೇಲೆ ಬಿಸಿಲು ಮಳೆ ಲಕ್ಷಾಂತರ ವರ್ಷ ಬಿದ್ದವು. ಮಳೆನೀರು ಕಲ್ಲಿನೊಳಗಿನ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿ ಒಯ್ದಿತು, ನಿಧಾನಕ್ಕೆ ಸಿಲಿಕಾವನ್ನೂ ಒಯ್ದಿತು. ಕರಗದೆ ಕೂತದ್ದು ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂನ ಆಕ್ಸೈಡ್, ಹೈಡ್ರಾಕ್ಸೈಡ್‌ಗಳು. ಕೆಂಪು ಜಂಬಿಟ್ಟಿಗೆಯ ನಡುವೆ ಅಲ್ಯೂಮಿನಿಯಂ ಹೆಚ್ಚು ಉಳಿದ ಭಾಗವೇ ಬಾಕ್ಸೈಟ್. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ಸಾದಾ ನೀರಿನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಕರಗುವುದಿಲ್ಲ ಎಂಬ ಒಂದು ಗುಣದಿಂದ ಆ ಗಣಿ ಆಗಿದೆ.

ದೋಣಿ ಬಾಳುವುದೂ ಅದೇ ಗುಣದಿಂದ. ಅಲ್ಯೂಮಿನಿಯಂ ನಿಜಕ್ಕೂ ತುಂಬ ಚುರುಕಾದ ಲೋಹ, ಆಮ್ಲಜನಕ ಕಂಡರೆ ಕೂಡಿಕೊಳ್ಳಲು ಕಬ್ಬಿಣಕ್ಕಿಂತ ಹೆಚ್ಚು ಆತುರ. ಹೊಸದಾಗಿ ಕೆರೆದ ಅಲ್ಯೂಮಿನಿಯಂ ಕ್ಷಣಾರ್ಧದಲ್ಲಿ ಗಾಳಿಯೊಂದಿಗೆ ಸೇರಿ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಆ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಲಕ್ಷದ ಭಾಗಕ್ಕಿಂತಲೂ ತೆಳು. ಕಬ್ಬಿಣದ ತುಕ್ಕು ಉಬ್ಬಿ ಸೀಳಿ ಉದುರುತ್ತದೆ, ಅಡಿಯ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಂನ ಪೊರೆ ಲೋಹಕ್ಕೆ ಬಿಗಿಯಾಗಿ ಅಂಟಿ ಕೂರುತ್ತದೆ. ಬಂಡೆ ಗೀರಿದರೆ ಗೀರಿದ ಜಾಗದಲ್ಲಿ ತಕ್ಷಣ ಹೊಸ ಪೊರೆ ಬೆಳೆಯುತ್ತದೆ. ನೀರಿನ ಪಿಎಚ್ ಸುಮಾರು 4ರಿಂದ 8.5ರ ಒಳಗೆ ಇದ್ದಷ್ಟು ಕಾಲ ಈ ಏರ್ಪಾಡು ನಡೆಯುತ್ತದೆ. ಮಾರುವವರ ಮಾತಿನ ಸತ್ಯ ಇಷ್ಟು.

ಗಡಿ ಎಲ್ಲಿ? ಅದನ್ನು ಬೆಳಗಾವಿಯ ಕಾರ್ಖಾನೆಯೇ ತೋರಿಸುತ್ತದೆ. ಮಳೆಗೆ ಬಗ್ಗದ ಬಾಕ್ಸೈಟನ್ನು ಅಲ್ಲಿ ಕಾಸ್ಟಿಕ್ ಸೋಡಾದಲ್ಲಿ, ಒತ್ತಡ ಹಾಕಿ ಬಿಸಿ ಮಾಡಿ ಕುದಿಸುತ್ತಾರೆ. ಆಗ ಅಲ್ಯೂಮಿನಿಯಂ ಆಕ್ಸೈಡ್ ಕರಗಿ ದ್ರಾವಣಕ್ಕೆ ಬರುತ್ತದೆ, ಕಬ್ಬಿಣದ ಭಾಗ ಕೆಂಪು ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಅಂದರೆ ಕ್ಷಾರದ ಎದುರು ಈ ಪೊರೆ ನಿಲ್ಲುವುದಿಲ್ಲ. ಕಾರ್ಖಾನೆಯಲ್ಲಿ ಬೇಕೆಂದೇ ಮಾಡುವ ಕೆಲಸ ದೋಣಿಯ ತಳದಲ್ಲಿ ಯಾರಿಗೂ ಗೊತ್ತಾಗದೆ ನಿಧಾನವಾಗಿ ನಡೆಯಬಹುದು.

ಈ ಸೀಮೆಯಲ್ಲಿ ಕ್ಷಾರ ದೂರದ ವಸ್ತುವಲ್ಲ. ಇಚಲಕರಂಜಿ ಮಗ್ಗದ ಊರು. ಬಟ್ಟೆಗೆ ಬಿಳುಪು, ಬಣ್ಣ, ಹೊಳಪು ಕೊಡುವ ಕೆಲಸದಲ್ಲಿ ಕಾಸ್ಟಿಕ್ ಸೋಡಾ ಬೇಕೇ ಬೇಕು. ಪಕ್ಕದ ಪಂಚಗಂಗಾ ನದಿಯ ಮಾಲಿನ್ಯ, ಬೇಸಿಗೆಯಲ್ಲಿ ಸತ್ತು ತೇಲುವ ಮೀನು, ಇವೆಲ್ಲ ಶಿರೋಳದವರಿಗೆ ಹೊಸ ಸುದ್ದಿಯಲ್ಲ. ನೃಸಿಂಹವಾಡಿಯಲ್ಲಿ ಆ ನೀರು ಕೃಷ್ಣೆಗೆ ಸೇರುತ್ತದೆ. ದೊಡ್ಡ ನದಿಯ ನೀರಿಡೀ ಅಲ್ಯೂಮಿನಿಯಂ ಕರಗಿಸುವಷ್ಟು ಕ್ಷಾರವಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಯಾವುದಾದರೂ ಪ್ರೋಸೆಸ್ ಘಟಕದ ನಾಲೆಯ ಬಾಯಲ್ಲೋ ಶುದ್ಧೀಕರಣದ ಹೊಂಡದಲ್ಲೋ ದುಡಿದ ದೋಣಿ ಬೇರೆ, ರಾಧಾನಗರಿ ಜಲಾಶಯದಲ್ಲಿ ಇದ್ದ ದೋಣಿ ಬೇರೆ. ಶಿರೋಳದ ಹೊಲಗಳು ಅತಿ ನೀರಾವರಿಯಿಂದ ಸವಳಾಗಿವೆ. ಆ ಉಪ್ಪು ಬಸಿಗಾಲುವೆಯ ನೀರಿನಲ್ಲಿ ಬರುತ್ತದೆ, ಅದರ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ. ಹೀಗಾಗಿ ದೋಣಿ ಎಷ್ಟು ವರ್ಷ ಹಳೆಯದು ಎಂಬುದಕ್ಕಿಂತ ಮೊದಲು ಕೇಳಬೇಕಾದ್ದು ಯಾವ ನೀರಿನಲ್ಲಿ ಇತ್ತು, ಏನು ಹೊತ್ತಿತ್ತು ಎಂಬುದು. ಸಿಮೆಂಟ್ ಚೀಲ ಸಾಗಿಸಿದ್ದರೆ ಅದನ್ನು ಬಿಡಿಸಿ ಕೇಳಿ. ಒದ್ದೆ ಸಿಮೆಂಟಿನ ಪಿಎಚ್ 12 ದಾಟುತ್ತದೆ. ಚೆಲ್ಲಿದ ಒಂದು ಬೊಗಸೆ ಸಿಮೆಂಟು ಮೂಲೆಯಲ್ಲಿ ಒದ್ದೆಯಾಗಿ ಕೂತರೆ ಅಲ್ಲಿ ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಗುಳ್ಳೆ ಬಿಡುತ್ತದೆ.

ಈಗ ದೋಣಿಯ ಹತ್ತಿರ ಹೋಗೋಣ. ಹೊರಗಿನ ಬಣ್ಣ ನೋಡಿ ಕಾಲ ಕಳೆಯಬೇಡಿ. ಒಳಗೆ ನೆಲಕ್ಕೆ ಹಾಸಿದ ಹಲಗೆ, ಕಾರ್ಪೆಟ್, ರಬ್ಬರ್ ಮ್ಯಾಟ್ ಎಲ್ಲವನ್ನೂ ತೆಗೆಸಿ. ತೆಗೆಯಲು ಒಪ್ಪದವರ ದೋಣಿ ಕೊಳ್ಳಬೇಡಿ. ಒದ್ದೆ ಕಾರ್ಪೆಟ್ಟಿನ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಆಮ್ಲಜನಕ ಸಿಗದ ಕಡೆ ಪೊರೆ ದುರಸ್ತಿಯಾಗುವುದಿಲ್ಲ. ಅಲ್ಲಿ ಬಿಳಿ ಹಿಟ್ಟಿನಂಥದ್ದು ಗುಪ್ಪೆಗುಪ್ಪೆಯಾಗಿ ಕೂತಿರುವುದು ಕಂಡರೆ ಅದೇ ಅಲ್ಯೂಮಿನಿಯಂನ ತುಕ್ಕು, ಹೈಡ್ರಾಕ್ಸೈಡ್. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಅಡಿಯಲ್ಲಿ ಸಾಸಿವೆ ಗಾತ್ರದ ಕಪ್ಪು ಗುಳಿ ಕಾಣುತ್ತದೆ. ಬಾಯಿ ಸಾಸಿವೆಯಷ್ಟಿದ್ದರೂ ಆಳ ಎಷ್ಟೋ. ಗುಳಿಯೊಳಗಿನ ನೀರು ಆಮ್ಲವಾಗುತ್ತ ಹೋಗುತ್ತದೆ, ಆಮ್ಲವಾದಷ್ಟೂ ಗುಳಿ ಆಳಕ್ಕೆ ಇಳಿಯುತ್ತದೆ. ಒಂದು ಗಟ್ಟಿ ಸೂಜಿಯನ್ನೋ ದಬ್ಬಳವನ್ನೋ ಗುಳಿಗೆ ಚುಚ್ಚಿ, ಎಷ್ಟು ಇಳಿಯಿತೆಂದು ಉಗುರಿನಲ್ಲಿ ಗುರುತು ಹಿಡಿದು ಅಳೆಯಿರಿ. ಮೂರು ಮಿಲಿಮೀಟರ್ ತಗಡಿನಲ್ಲಿ ಅರ್ಧ ಮಿಲಿಮೀಟರ್ ಗುಳಿ ಕೆಲವಿದ್ದರೆ ಉಜ್ಜಿ, ತೊಳೆದು, ಎಪಾಕ್ಸಿ ಹಚ್ಚಿ ಹತ್ತಾರು ವರ್ಷ ನಡೆಸಬಹುದು. ಒಂದೂವರೆ ಮಿಲಿಮೀಟರ್ ಇಳಿದಿದ್ದು, ಅಂಗೈ ಅಗಲದಲ್ಲಿ ಹತ್ತಾರು ಗುಳಿ ಇದ್ದರೆ ಆ ತಗಡೇ ಬದಲಾಗಬೇಕು.

ಬೇರೆ ಲೋಹ ಎಲ್ಲೆಲ್ಲಿ ತಾಗಿದೆಯೋ ಅಲ್ಲೆಲ್ಲ ಕಣ್ಣಾಡಿಸಿ. ಎರಡು ಲೋಹ, ನಡುವೆ ನೀರು ಎಂದರೆ ಒಂದು ಸಣ್ಣ ಬ್ಯಾಟರಿ. ಅದರಲ್ಲಿ ಕರಗುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಹಿತ್ತಾಳೆ ನಟ್ಟು, ತಾಮ್ರದ ತಂತಿ ಬಲು ಕೆಟ್ಟವು. ಕಬ್ಬಿಣದ ಬೋಲ್ಟ್ ಅಷ್ಟಲ್ಲದಿದ್ದರೂ ಒಳ್ಳೆಯದಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಹಾಕಿದ್ದರೆ ಹಿಂದಿನ ಮಾಲೀಕ ತಿಳಿದವನು ಎನ್ನಬಹುದು. ಮೀನುಗಾರರ ದೋಣಿಯಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳದ ಇನ್ನೊಂದು ಇದೆ, ಬಲೆಯ ಅಂಚಿನ ಸೀಸದ ಗುಂಡುಗಳು. ಒದ್ದೆ ಬಲೆಯನ್ನು ರಾತ್ರಿಯಿಡೀ ಬರೀ ತಗಡಿನ ಮೇಲೆ ರಾಶಿ ಹಾಕಿಟ್ಟರೆ ಪ್ರತಿ ಗುಂಡೂ ಒಂದೊಂದು ಬ್ಯಾಟರಿಯ ತುದಿ. ಮೋಟಾರ್ ಕೂರಿಸುವ ಹಿಂಬದಿಯ ಹಲಗೆಯನ್ನೂ ಬಿಡಬೇಡಿ. ಗೆದ್ದಲು ಹತ್ತದಂತೆ ತಾಮ್ರದ ಲವಣ ಕುಡಿಸಿದ ಹಲಗೆ ಅದಾಗಿದ್ದರೆ, ಒದ್ದೆಯಾದಾಗಲೆಲ್ಲ ತಾಮ್ರ ಬಸಿದು ತಗಡಿಗೆ ಇಳಿಯುತ್ತದೆ.

ಬಿರುಕಿನ ವಿಷಯ ಇನ್ನೂ ಸೂಕ್ಷ್ಮ. ಒಂದು ಮಿತಿಯೊಳಗಿನ ಬಾಗುವಿಕೆಯನ್ನು ಉಕ್ಕು ಎಷ್ಟು ಸಲವಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಅಲುಗಾಟವೇ ಆದರೂ ಲಕ್ಷಾಂತರ ಸಲ ಆದರೆ ಒಂದು ದಿನ ಸೀಳುತ್ತದೆ. ಮೋಟಾರಿನ ನಡುಕ, ಅಲೆಯ ಏಟು, ಟ್ರಾಲಿಯಲ್ಲಿ ಕುಲುಕಾಟ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಸೀಳು ಸಾಮಾನ್ಯವಾಗಿ ಬೆಸುಗೆಯ ಮೇಲೆ ಹುಟ್ಟುವುದಿಲ್ಲ, ಬೆಸುಗೆಯ ಪಕ್ಕದಲ್ಲಿ ಹುಟ್ಟುತ್ತದೆ. ದೋಣಿಗೆ ಬಳಸುವ 5052, 5083, 5086 ಎಂಬ ಮಿಶ್ರಲೋಹಗಳಲ್ಲಿ ಎರಡೂವರೆಯಿಂದ ಐದು ಶೇಕಡದೊಳಗೆ ಮೆಗ್ನೀಸಿಯಂ ಇರುತ್ತದೆ. ತಗಡನ್ನು ತಣ್ಣಗೇ ಉರುಳೆಯಲ್ಲಿ ಒತ್ತಿ ಅವಕ್ಕೆ ಇನ್ನಷ್ಟು ಗಟ್ಟಿತನ ಕೊಟ್ಟಿರುತ್ತಾರೆ. ಬೆಸುಗೆಯ ಶಾಖ ತಾಗಿದ ಪಟ್ಟಿಯಲ್ಲಿ ಆ ಗಟ್ಟಿತನ ಕಳೆದುಹೋಗುತ್ತದೆ. ಒಂದೇ ಜಾಗಕ್ಕೆ ಮೂರು ಸಲ ಬೆಸುಗೆ ಹಾಕಿದ್ದರೆ ಮೆತ್ತಗಾದ ಪಟ್ಟಿ ಅಷ್ಟು ಅಗಲವಾಗಿದೆ ಎಂದರ್ಥ. ಹಳೆಯ ದುರಸ್ತಿಯ ಮೇಲೆ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದಿದ್ದರೆ ಚಾಕುವಿನ ಮೊನೆಯಿಂದ ಕೆರೆದು ನೋಡುವುದು ನಿಮ್ಮ ಹಕ್ಕು.

ಬೆಸುಗೆ ಪರೀಕ್ಷೆಗೆ ವರ್ಕ್‌ಶಾಪಿನವರ ಹಳೆಯ ಉಪಾಯವೊಂದಿದೆ. ಅಗ್ಗದ್ದು, ಮೋಸ ಮಾಡದ್ದು. ದೋಣಿಯ ಹೊರಗೆ ಬೆಸುಗೆಯ ಉದ್ದಕ್ಕೂ ಸೀಮೆಸುಣ್ಣದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬಳಿದು ಒಣಗಲು ಬಿಡಿ. ಒಣಗಿ ಬೆಳ್ಳಗಾದ ಮೇಲೆ ಒಳಗಿನಿಂದ ಅದೇ ಬೆಸುಗೆಗೆ ಸೀಮೆಎಣ್ಣೆ ಸವರಿ. ನೀರಿಗಿಂತ ಸೀಮೆಎಣ್ಣೆಯ ಮೇಲ್ಮೈ ಎಳೆತ ಬಹಳ ಕಡಿಮೆ, ಕೂದಲೆಳೆಯ ಸಂದಿಯಲ್ಲೂ ನುಸುಳುತ್ತದೆ. ಹತ್ತು–ಇಪ್ಪತ್ತು ನಿಮಿಷದಲ್ಲಿ ಬಿರುಕಿದ್ದ ಕಡೆ ಬಿಳಿ ಸುಣ್ಣದ ಮೇಲೆ ಕಪ್ಪಗೆ ಒದ್ದೆಯ ಗೆರೆ ಮೂಡುತ್ತದೆ. ಗೆರೆ ಎಷ್ಟು ಉದ್ದವೋ ಬಿರುಕು ಸುಮಾರಾಗಿ ಅಷ್ಟು ಉದ್ದ. ಗೋಡೆಗೆ ಬಳಿಯುವ ಸುಣ್ಣವನ್ನು ಮಾತ್ರ ಬಳಸಬೇಡಿ. ಅದು ಕ್ಷಾರ, ಏಕೆ ಬೇಡ ಎಂಬುದನ್ನು ಮೇಲೆ ಹೇಳಿಯಾಗಿದೆ.

ರಿವೆಟ್ ಹಾಕಿದ ದೋಣಿಯಾದರೆ ನೀರು ತುಂಬಿ ನೋಡುವುದು ಮೇಲು. ಹೊಳೆಗೆ ಇಳಿಸಿ ಒಳಗೆ ನೀರು ಬರುತ್ತದೆಯೇ ಎಂದು ಕಾಯುವುದಕ್ಕಿಂತ, ಒಳಗೆ ನೀರು ಹಾಕಿ ಹೊರಗೆ ಎಲ್ಲಿ ಜಿನುಗುತ್ತದೆ ಎಂದು ನೋಡಿದರೆ ಜಾಗ ನಿಖರವಾಗಿ ಸಿಗುತ್ತದೆ. ದೋಣಿಯನ್ನು ಮರಳು ಚೀಲಗಳ ಮೇಲೆ ಉದ್ದಕ್ಕೂ ಆಸರೆ ಕೊಟ್ಟು ಕೂರಿಸಿ. ನಾಲ್ಕು ಚದರ ಮೀಟರ್ ತಳದ ಮೇಲೆ ಐದು ಸೆಂಟಿಮೀಟರ್ ನೀರು ನಿಂತರೇ 200 ಕೆ.ಜಿ. ಆಯಿತು. ಎರಡು ತುದಿಗೆ ಎರಡು ಕಲ್ಲಿಟ್ಟು ತುಂಬಿದರೆ ಪರೀಕ್ಷೆಯೇ ದೋಣಿಯನ್ನು ಬಗ್ಗಿಸಿಬಿಡುತ್ತದೆ. ಹೊರಗಿನ ತಳವನ್ನು ಮೊದಲು ಚೆನ್ನಾಗಿ ಒರೆಸಿಡಿ. ಒಂದು ತಾಸಿನ ಮೇಲೆ ಬ್ಯಾಟರಿ ಹಿಡಿದು ಅಡಿಗೆ ಬಗ್ಗಿ ನೋಡಿ, ಪ್ರತಿ ಹನಿಯ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಿಡಿಬಿಡಿಯಾಗಿ ನಾಲ್ಕೈದು ರಿವೆಟ್ ಜಿನುಗಿದರೆ ಅದು ದೋಷವೆಂದು ಗಾಬರಿಯಾಗಬೇಕಿಲ್ಲ, ಮತ್ತೆ ಬಡಿದು ಬಿಗಿ ಮಾಡಬಹುದು. ಒಂದೇ ಸಾಲಿನ ರಿವೆಟ್‌ಗಳೆಲ್ಲ ಜಿನುಗಿದರೆ ಆ ಸಾಲಿನ ಅಡಿಯ ಪಟ್ಟಿ ತಿರುಚಿದೆ, ದೋಣಿ ಎಲ್ಲೋ ಜೋರಾಗಿ ಬಡಿದಿದೆ.

ಬೆಸುಗೆ ಬೇಕಾದರೆ ಆರ್ಗಾನ್ ವೆಲ್ಡಿಂಗ್ ಮಾಡುವವರು ಕೊಲ್ಹಾಪುರ, ಇಚಲಕರಂಜಿ ಕಡೆ ಸಿಗುತ್ತಾರೆ. ಊರಿನ ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕಡ್ಡಿಯಿಂದ ಇದು ಆಗದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಪೊರೆ ಕರಗಲು 2,000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಪೊರೆ ಒಡೆಯದೆ ಬೆಸೆಯಲು ಹೋದರೆ ಒಳಗಿನ ಲೋಹ ನೀರಾಗಿ ಸುರಿದು ತೂತು ಬೀಳುತ್ತದೆ. ದೋಣಿಯನ್ನು ಕಾಪಾಡುವ ಪೊರೆಯೇ ಬೆಸುಗೆಯವನಿಗೆ ಅಡ್ಡಿ. ಪರ್ಯಾಯ ವಿದ್ಯುತ್ತಿನಿಂದ ಅದನ್ನು ಒಡೆಯುತ್ತ, ಆರ್ಗಾನ್ ಅನಿಲದಿಂದ ಹೊಸ ಪೊರೆ ಬೆಳೆಯದಂತೆ ತಡೆಯುತ್ತ ಬೆಸೆಯುವುದು ಈ ವಿಧಾನದ ಗುಟ್ಟು.

ತೂಕ ಮಾಡಿಸುವುದನ್ನು ಜನ ಮರೆಯುತ್ತಾರೆ. ಆಸನದ ಡಬ್ಬಿಯೊಳಗೆ ತೇಲಲೆಂದು ತುಂಬಿದ ಫೋಮ್ ವರ್ಷಗಟ್ಟಲೆ ನೀರು ಕುಡಿದು ಭಾರವಾಗಿರುತ್ತದೆ. ನೀರು ಕುಡಿದ ಫೋಮ್ ತೇಲಿಸುವುದೂ ಇಲ್ಲ, ಒಣಗುವುದೂ ಇಲ್ಲ, ಒಳಗಿನಿಂದ ತಗಡನ್ನು ತಿನ್ನುತ್ತಿರುತ್ತದೆ. ಕಬ್ಬಿನ ನಾಡಿನಲ್ಲಿ ವಜನ ಕಾಟಾಕ್ಕೆ ಕೊರತೆಯಿಲ್ಲ. ಟ್ರಾಲಿ ಸಮೇತ ಒಮ್ಮೆ, ದೋಣಿ ಇಳಿಸಿ ಒಮ್ಮೆ ತೂಗಿಸಿ. ಕಾಟಾ ಐದು–ಹತ್ತು ಕೆ.ಜಿ. ಹೆಚ್ಚುಕಡಿಮೆ ತೋರಿಸಿದರೂ, 120 ಕೆ.ಜಿ. ಇರಬೇಕಾದ ದೋಣಿ 180 ತೂಗಿದರೆ ಉತ್ತರ ಸಿಕ್ಕಂತೆ. ಕಾಟಾದ ಚೀಟಿ ಚೌಕಾಸಿಗೂ ಬರುತ್ತದೆ. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಕರಗಿಸುವ ಕುಲುಮೆಯಲ್ಲೇ ಹದಿಮೂರು–ಹದಿನೈದು ಯೂನಿಟ್ ವಿದ್ಯುತ್ ಬೇಕು. ಹಳೆಯದನ್ನು ಕರಗಿಸಲು ಹೊಸದಕ್ಕೆ ಬೇಕಾದ ಶಕ್ತಿಯ ಶೇ. 5ರಷ್ಟು ಸಾಕು. ಹೀಗಾಗಿ ಗುಜರಿಯಲ್ಲಿ ಅಲ್ಯೂಮಿನಿಯಂ ಬೆಲೆ ಎಂದೂ ನೆಲಕ್ಕೆ ಬೀಳುವುದಿಲ್ಲ. ಒಣ ದೋಣಿಯ ತೂಕಕ್ಕೆ ಅಂದಿನ ಗುಜರಿ ದರ ಗುಣಿಸಿದರೆ ಬರುವುದು ಆ ದೋಣಿಯ ತಳಬೆಲೆ. ಅದರ ಮೇಲೆ ನೀವು ಕೊಡುವುದೆಲ್ಲ ಆಕಾರಕ್ಕೆ, ಬೆಸುಗೆಗೆ, ಉಳಿದ ಆಯುಸ್ಸಿಗೆ.

ಕಾಗದಪತ್ರದ ಮಾತು ಚಿಕ್ಕದು. ಮೋಟಾರ್ ಕೂರಿಸುವುದಾದರೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿಯ ಬಗ್ಗೆ ವಿಚಾರಿಸಿ. ಮೀನು ಹಿಡಿಯುವ ಪರವಾನಗಿ ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯದು. ಎರಡು ರಾಜ್ಯದ ನಡುವಿನ ಹೊಳೆಯಲ್ಲಿ ಎರಡೂ ಕಡೆ ಕೇಳಿಕೊಳ್ಳುವುದು ಒಳಿತು.

ಎಲ್ಲ ಸರಿಯಿದ್ದು ದೋಣಿ ಮನೆಗೆ ಬಂದಾಗ ಮೊದಲ ಕೆಲಸ ಅದರ ಪಕ್ಕಕ್ಕೆ ಒಂದು ಗೆರೆ ಎಳೆಯುವುದು. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಮಹಾಪೂರದಿಂದ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿತು. ಹೊರಲಾಗದಷ್ಟು ಜನ ಹತ್ತಿದ್ದರು, ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಂಥ ಗಳಿಗೆಯಲ್ಲಿ ದಡದಲ್ಲಿ ನಿಂತವರನ್ನು ಬಿಟ್ಟು ಬನ್ನಿ ಎಂದು ಯಾರು ಹೇಳಬಲ್ಲರು? ಅದಕ್ಕೇ ಲೆಕ್ಕ ಮೊದಲೇ ಆಗಿರಬೇಕು. ಸಪಾಟು ತಳದ ದೋಣಿ ಖಾಲಿಯಿದ್ದಾಗ ಬಲು ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಪಕ್ಕ ವಾಲಿದರೆ ಆ ಪಕ್ಕ ಹೆಚ್ಚು ನೀರು ಸರಿಸಿ ಮತ್ತೆ ಮೇಲೆತ್ತುತ್ತದೆ. ಭಾರ ಹೆಚ್ಚಿ ಅಂಚು ನೀರಿಗೆ ಹತ್ತಿರವಾದರೆ ಸ್ವಲ್ಪ ವಾಲಿದರೂ ಅಂಚಿನ ಮೇಲಿಂದ ನೀರು ಒಳಗೆ ಬರುತ್ತದೆ. ಬಂದ ನೀರು ವಾಲಿದ ಕಡೆಗೇ ಓಡುತ್ತದೆ, ಮೇಲೆತ್ತುತ್ತಿದ್ದ ಬಲವನ್ನು ತಿಂದುಹಾಕುತ್ತದೆ. ಜನ ಎದ್ದು ನಿಂತರೆ ಒಟ್ಟು ಭಾರದ ಕೇಂದ್ರ ಮೇಲೇರಿ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಗೆರೆ ಎಳೆಯುವುದು ಸುಲಭ. ನೀರು ನಿಂತ ಕಡೆ, ಮೊಣಕಾಲು ಆಳದಲ್ಲಿ ಖಾಲಿ ದೋಣಿ ತೇಲಿಬಿಟ್ಟು ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ತೂಕ ಗೊತ್ತಿರುವ ಗೊಬ್ಬರದ ಚೀಲಗಳನ್ನು ನಡುವಿಗೆ ಒಂದೊಂದಾಗಿ ಇಡುತ್ತ, ನೀರಿನಿಂದ ಅಂಚಿಗೆ 25 ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಅಲ್ಲಿ ಇನ್ನೊಂದು ಗುರುತು ಹಾಕಿ. ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಬೇಕು, ಗೊಬ್ಬರದ ಲವಣ ತಗಡಿಗೆ ತಾಗಬಾರದು. ಕೊನೆಗೆ ದೋಣಿಯನ್ನು ದಡಕ್ಕೆ ತಂದು ಒಣಗಿಸಿ, ಎರಡನೆಯ ಗುರುತಿನ ಮಟ್ಟದಲ್ಲಿ ಮೂತಿಯಿಂದ ಬಾಲದವರೆಗೆ ಎರಡೂ ಪಕ್ಕಕ್ಕೆ ಕೆಂಪು ಎಪಾಕ್ಸಿ ಬಣ್ಣದಲ್ಲಿ ಪಟ್ಟಿ ಎಳೆಯಿರಿ. ಚೀಲಗಳ ಒಟ್ಟು ತೂಕವನ್ನು ಅದರ ಪಕ್ಕದಲ್ಲೇ ದಪ್ಪ ಅಂಕಿಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಿರಿ. ಮಹಾಪೂರದ ದಿನ ಹುಟ್ಟು ಹಿಡಿಯುವವನು ನೀವೇ ಆಗಿರುತ್ತೀರಿ ಎಂದು ಹೇಳಲಾಗದು.